ಗೋಲಿನ ಹಿಂದೆ ನಿಂತ ಬುಧವಾರಗಳು

ಮೂರು ಜನ ಸೇರಿ ಒಂದು ಫುಟ್‌ಬಾಲ್ ತಂಡವನ್ನು ಹೇಗೆ ಹಾಳು ಮಾಡಬಹುದು ಎಂದು ಯಾರಿಗಾದರೂ ತಿಳಿಯಬೇಕಿದ್ದರೆ ನನ್ನನ್ನು ಕೇಳಬೇಕು. ಒಂದಿಡೀ ವರ್ಷ ಆ ಕೆಲಸವನ್ನು ನಾನು ಕಣ್ಣಾರೆ ನಿಂತು ನೋಡಿದ್ದೇನೆ.

ಈ ದೇಶದಲ್ಲಿ ಕಾಲೇಜು ತಂಡಗಳ ಪಂದ್ಯಗಳು ಬುಧವಾರ ಮಧ್ಯಾಹ್ನ ನಡೆಯುತ್ತವೆ. ನಾನು ಹಡರ್ಸ್‌ಫೀಲ್ಡಿನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್. ಆ ವರ್ಷ ಬುಧವಾರದ ಮಧ್ಯಾಹ್ನ ಬಿಡುವು ಸಿಗಲೆಂದು ಡ್ಯೂಟಿ ರೋಟಾದಲ್ಲಿ ಯಾರಿಗೂ ಬೇಡವಾದ ಸೋಮವಾರದ ಸಂಜೆಗಳನ್ನೆಲ್ಲ ನಾನೇ ಹಾಕಿಸಿಕೊಂಡಿದ್ದೆ. ಬೆಳಗಿನ ಕೊನೆಯ ಪೇಷಂಟನ್ನು ಕಳಿಸಿದ ಕೂಡಲೇ ಪುಳಿಯೋಗರೆ ಡಬ್ಬಿ, ಕಾಫಿ ಥರ್ಮಾಸು ಎತ್ತಿಕೊಂಡು ಕಾರು ಹತ್ತಿ, ಗುಡ್ಡದ ಮೇಲಿನ ಮೋಟರ್‌ವೇ ಹಿಡಿದು ಮ್ಯಾಂಚೆಸ್ಟರಿಗೆ ಓಡುತ್ತಿದ್ದೆ. ಮಗಳು ಅಲ್ಲಿನ ಒಂದು ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಫಾಲೋಫೀಲ್ಡಿನಲ್ಲಿ ಇನ್ನೂ ನಾಲ್ವರು ಹುಡುಗಿಯರ ಜತೆ ಮನೆ ಹಂಚಿಕೊಂಡಿದ್ದಳು. ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಅವಳು ಗೋಲ್‌ಕೀಪರ್.

ನನ್ನ ಗಂಡನ ಕಚೇರಿ ಮ್ಯಾಂಚೆಸ್ಟರಿನ ಪಕ್ಕದ ಮೀಡಿಯಾಸಿಟಿಯಲ್ಲಿದೆ. ಮೈದಾನ ಅಲ್ಲಿಂದ ಅರ್ಧ ಗಂಟೆಯ ದಾರಿ. ಆತ ಒಂದು ಪಂದ್ಯಕ್ಕೂ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ಸ್ಕೋರ್ ಎಷ್ಟು?" ಎಂದು ಕೇಳಿ, ಉತ್ತರ ಬರುವ ಮೊದಲೇ ಉಪ್ಪಿನಕಾಯಿ ಹುಡುಕುವ ಜಾತಿಯ ಅಭಿಮಾನಿ.

ಮಗಳು ಮೊದಲ ಎರಡು ವರ್ಷ ಬೆಂಚಿನ ಮೇಲೆಯೇ ಕಳೆದಿದ್ದಳು. ಹಿಂದಿನ ಕೀಪರ್ ಓದು ಮುಗಿಸಿ ಹೋದ ಮೇಲೆ ಇವಳಿಗೆ ಜಾಗ ಸಿಕ್ಕಿತು. ಆ ಸೆಪ್ಟೆಂಬರಿನಲ್ಲಿ ಹೊಸ ಗ್ಲವ್ಸ್ ಕೊಂಡು ತಂದ ದಿನ ಅಡುಗೆಮನೆಯಲ್ಲಿ ನಿಂತು ಒಂದೇ ಮಾತು ಹೇಳಿದ್ದಳು: "ಈ ವರ್ಷ ನಾವು ಕೆಳಗಿನ ಡಿವಿಷನ್‌ಗೆ ಬೀಳಬಾರದು. ಕೊನೆಗೆ ಎಲ್ಲರಿಗೂ ಕೀಪರ್ ಹೆಸರೇ ನೆನಪಿರೋದು." ಅವಳು ಹೇಳಿದ್ದು ಇಂಗ್ಲಿಷಿನಲ್ಲಿ. ಇಲ್ಲಿ ಹುಟ್ಟಿದ ಮಕ್ಕಳು ಹಾಗೆಯೇ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವು ಇಂಗ್ಲಿಷಿನಲ್ಲಿ ಉತ್ತರಿಸುತ್ತವೆ. ಇಲ್ಲಿ ಅವಳ ಮಾತನ್ನೆಲ್ಲ ನಾನೇ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಆ ಆಸೆಯನ್ನು ನಡೆಸಿಕೊಡಬೇಕಾಗಿದ್ದವರು ಮೂವರು. ಮುಖ್ಯ ಕೋಚ್‌ಗೆ ನಲವತ್ತರ ಆಸುಪಾಸು. ಎದೆಯ ಮೇಲೆ ತನ್ನ ಹೆಸರಿನ ಮೊದಲಕ್ಷರಗಳನ್ನು ಹೊಲಿಸಿದ ಜಾಕೆಟ್, ಕೊರಳಲ್ಲಿ ಊದದ ಸೀಟಿ, ಕೈಯಲ್ಲಿ ಟ್ಯಾಬ್. ಮೈದಾನದಲ್ಲಿ ಇಪ್ಪತ್ತೆರಡು ಹುಡುಗಿಯರು ಓಡುತ್ತಿದ್ದರೆ ಈತ ತಲೆ ತಗ್ಗಿಸಿ ಟ್ಯಾಬಿನಲ್ಲಿ ಬಣ್ಣದ ಬಾಣಗಳನ್ನು ನೋಡುತ್ತಿದ್ದ. ಅಸಿಸ್ಟೆಂಟ್ ಕೋಚ್‌ಗೆ ನಾನು ಹೌದಪ್ಪ ಎಂದು ಹೆಸರಿಟ್ಟಿದ್ದೆ. ಮುಖ್ಯಸ್ಥ ಬಾಯಿ ತೆರೆಯುವ ಮೊದಲೇ ಈತನ ತಲೆ ಆಡುತ್ತಿತ್ತು. ಅದು ಪಕ್ಕಾ ಹೌದಪ್ಪನ ಚಾವಡಿ, ಅಲ್ಲಪ್ಪನಿಗೆ ಅಲ್ಲಿ ಕೆಲಸವಿರಲಿಲ್ಲ. ಮೂರನೆಯವನು ಗೋಲ್‌ಕೀಪರ್‌ಗಳಿಗೆಂದೇ ಇದ್ದ ಕೋಚ್. ಇಡೀ ವರ್ಷದಲ್ಲಿ ಅವನನ್ನು ನಾನು ಕಂಡದ್ದು ಮೂರು ಸಲ. ಬಂದಾಗ ನನ್ನ ಮಗಳ ಎದೆಗೆ ನೇರವಾಗಿ ಹತ್ತು ಬಾಲ್ ಒದೆಯುತ್ತಿದ್ದ, ಅವಳು ಹತ್ತನ್ನೂ ಹಿಡಿಯುತ್ತಿದ್ದಳು, "ಬ್ರಿಲಿಯಂಟ್" ಎಂದು ಹೊರಟುಹೋಗುತ್ತಿದ್ದ. ಹೋದ ಪುಟ್ಟ, ಬಂದ ಪುಟ್ಟ.

ನನಗೆ ಫುಟ್‌ಬಾಲ್ ಏನು ಗೊತ್ತು ಎಂದು ನೀವು ಕೇಳಬಹುದು. ಮುಖ್ಯ ಕೋಚ್ ಕೂಡ ಕೇಳಿದ್ದ. ನಾನು ಬೆಳೆದದ್ದು ಬೆಂಗಳೂರಿನ ಹಲಸೂರಿನ ಬದಿಯ ಒಂದು ಗಲ್ಲಿಯಲ್ಲಿ. ಅಲ್ಲಿ ಕ್ರಿಕೆಟ್ಟಿಗಿಂತ ಫುಟ್‌ಬಾಲ್ ಹೆಚ್ಚು. ನನ್ನ ಅಣ್ಣ ಬಡಾವಣೆಯ ತಂಡಕ್ಕೆ ಕೀಪರ್ ಆಗಿದ್ದ. ಗೋಲಿನ ಹಿಂದೆ ನಿಂತು, ಹೊರಗೆ ಹೋದ ಬಾಲನ್ನು ಚರಂಡಿಯಿಂದ ಎತ್ತಿ ಕೊಡುವುದು ಎಂಟು ವರ್ಷ ನನ್ನ ಕೆಲಸವಾಗಿತ್ತು. ಒಬ್ಬ ಕೀಪರ್ ಯಾವ ಗಳಿಗೆಯಲ್ಲಿ ಹೆದರುತ್ತಾನೆ ಎಂಬುದು ಅವನ ಬೆನ್ನು ನೋಡಿದರೆ ನನಗೆ ತಿಳಿಯುತ್ತದೆ.

ಹಾಗಾಗಿ ಇಲ್ಲಿಯೂ ನಾನು ನಿಂತದ್ದು ಗೋಲಿನ ಹಿಂದೆಯೇ. ಉಳಿದ ಅಪ್ಪಂದಿರು ಅಮ್ಮಂದಿರು, ಬರುವುದೇ ನಾಲ್ಕೈದು ಜನ, ಮಧ್ಯದ ಗೆರೆಯ ಹತ್ತಿರ ಕೈಕಟ್ಟಿ ನಿಲ್ಲುತ್ತಿದ್ದರು. ನಾನು ಮಗಳ ಬೆನ್ನಿಗೆ. ಹಾಫ್ ಟೈಮ್ ಆಗಿ ಅವಳು ಆಚೆ ಗೋಲಿಗೆ ಹೋದರೆ ನಾನೂ ಥರ್ಮಾಸ್ ಎತ್ತಿಕೊಂಡು ಆಚೆ ಗೋಲಿಗೆ. ಕಿವಿಯಲ್ಲಿ ಇಯರ್‌ಫೋನ್, ಅದರೊಳಗೆ ಬೆಂಗಳೂರಿನ ಅಣ್ಣ. ಮೊಣಕಾಲು ಕೆಟ್ಟು ಮನೆಯಲ್ಲಿ ಕೂತಿರುವ ಅವನಿಗೆ ಅಲ್ಲಿ ಸಂಜೆ ಏಳೂವರೆಯ ಹೊತ್ತು, ಸೊಸೆಯ ಆಟ ಕೇಳುವುದಕ್ಕೆಂದೇ ಟಿವಿ ಬಂದ್ ಮಾಡಿಸಿ ಕೂರುತ್ತಿದ್ದ. ನಾನು ಕಾಮೆಂಟರಿ ಕೊಡುತ್ತಿದ್ದೆ, ಕನ್ನಡದಲ್ಲಿ, ಗಂಟಲು ತೆರೆದು. ಅಲ್ಲಿ ಯಾರಿಗೆ ಕನ್ನಡ ಬರುತ್ತದೆ? ನಮ್ಮವರಿಗೆ ಈ ದೇಶದಲ್ಲಿ ಇರುವ ದೊಡ್ಡ ಸುಖವೇ ಅದು. ಬಸ್ಸಿನಲ್ಲಿ ಪಕ್ಕದ ಸೀಟಿನವನ ಮೂಗಿನ ಬಗ್ಗೆ ಅವನ ಪಕ್ಕದಲ್ಲೇ ಕೂತು ಮಾತಾಡಬಹುದು.

ಮೊದಲ ಪಂದ್ಯದಲ್ಲೇ ಮುಖ್ಯ ಕೋಚ್‌ನ ಬುದ್ಧಿ ಬಯಲಾಯಿತು. ಕೀಪರ್ ಬಾಲನ್ನು ದೂರ ಒದೆಯಬಾರದು, ಪಕ್ಕದ ಡಿಫೆಂಡರ್‌ಗೆ ಚಿಕ್ಕ ಪಾಸ್ ಕೊಡಬೇಕು, ಅವಳು ಇನ್ನೊಬ್ಬಳಿಗೆ, ಹೀಗೆ ಮೆಲ್ಲಗೆ ಮುಂದೆ ಹೋಗಬೇಕು, ಇದು ಅವನ ಸಿದ್ಧಾಂತ. ಟಿವಿಯಲ್ಲಿ ದೊಡ್ಡ ಕ್ಲಬ್ಬುಗಳು ಹಾಗೆ ಆಡುವುದನ್ನು ನೋಡಿರಬೇಕು. ಆ ಕ್ಲಬ್ಬುಗಳ ಹುಲ್ಲು ಕಾರ್ಪೆಟ್ಟಿನಂತಿರುತ್ತದೆ. ನಮ್ಮ ಹುಡುಗಿಯರದು ಮ್ಯಾಂಚೆಸ್ಟರಿನ ಅಕ್ಟೋಬರ್ ಮಳೆಯಲ್ಲಿ ನೆನೆದ ಮೈದಾನ, ಬಾಲ್ ಎರಡು ಉರುಳು ಉರುಳಿ ಕೆಸರಿನಲ್ಲಿ ಕೂತುಬಿಡುತ್ತಿತ್ತು. ಎದುರಾಳಿಗಳು ಓಡಿ ಬಂದು ಅದನ್ನು ಎತ್ತಿಕೊಂಡು ಗೋಲು ಹೊಡೆದು ಹೋದರು, ಎರಡು ಸಲ.

"ಕೀಪರ್ ಕೈಲಿ ಚಿಕ್ಕ ಪಾಸಾ? ಈ ಕೆಸರಲ್ಲಾ?" ಎಂದ ಅಣ್ಣ ಕಿವಿಯೊಳಗೆ. "ಅವನಿಗೇನು ತಲೆ ನೆಟ್ಟಗಿದ್ಯೇನೇ?"

"ತಲೆ ಇದ್ರೆ ತಾನೆ ಅಣ್ಣ ನೆಟ್ಟಗಿರೋಕೆ," ಎಂದೆ. "ಇನ್ನೊಂದು ಬರ್ತಾ ಇದೆ ನೋಡು. ಹೋಯ್ತು. ಹೋಯ್ತು ಬಿಡಣ್ಣ, ಇದೂ ಒಳಗೆ."

ಅದೂ ಒಳಗೆ ಹೋಯಿತು. ಆಟ ಮುಗಿದ ಮೇಲೆ ಮುಖ್ಯ ಕೋಚ್ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು ಚಪ್ಪಾಳೆ ತಟ್ಟಿದ. ನಮ್ಮ ಯೋಜನೆ ಸರಿಯಾಗಿಯೇ ಇತ್ತು, ನೆಲ ಸಹಕರಿಸಲಿಲ್ಲ ಎಂದ. ಹೌದಪ್ಪ ಬಗ್ಗಿ ನೆಲವನ್ನು ನೋಡಿ ತಲೆಯಾಡಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಇವನನ್ನು ನೋಡಿಯೇ ಹುಟ್ಟಿದ್ದಿರಬೇಕು ಎಂದು ಕಾರಿನಲ್ಲಿ ಮಗಳಿಗೆ ಹೇಳಿ ನಾನೊಬ್ಬಳೇ ನಕ್ಕೆ.

ನವೆಂಬರ್ ಹೊತ್ತಿಗೆ ಇನ್ನೊಂದು ರೋಗ ಪತ್ತೆಯಾಯಿತು. ಎದುರಾಳಿಗಳು ಕಾರ್ನರ್ ಒದ್ದಾಗ ನಮ್ಮವರೆಲ್ಲ ಬಾಲಿನ ಕಡೆಯೇ ನುಗ್ಗುತ್ತಿದ್ದರು. ಗೋಲಿನ ದೂರದ ಕಂಬದ ಬಳಿ ಯಾರೂ ಇರುತ್ತಿರಲಿಲ್ಲ. ಬಾಲ್ ಎಲ್ಲರ ತಲೆ ದಾಟಿ ಅಲ್ಲಿ ಬೀಳುತ್ತಿತ್ತು, ಯಾರೋ ಒಬ್ಬಳು ಅದನ್ನು ಒಳಗೆ ತಳ್ಳುತ್ತಿದ್ದಳು. ಬರ್ಮಿಂಗ್‌ಹ್ಯಾಮ್ ಕಡೆಯ ತಂಡ ಹೀಗೆ ಹೊಡೆಯಿತು, ಲೀಡ್ಸ್ ಕಡೆಯದು ಹೀಗೆ ಹೊಡೆಯಿತು. ನಮ್ಮ ಕ್ಲಿನಿಕ್‌ಗೆ ಒಬ್ಬ ಮನುಷ್ಯ ನಾಲ್ಕು ಸಲ ಒಂದೇ ನೋವು ಹೇಳಿಕೊಂಡು ಬಂದರೆ, ಐದನೆಯ ಸಲಕ್ಕಾದರೂ ನಾನು ಆ ಜಾಗವನ್ನು ಮುಟ್ಟಿ ನೋಡುತ್ತೇನೆ. ಈ ಮೂವರು ಮುಟ್ಟಲೇ ಇಲ್ಲ.

ಕೊನೆಗೆ ತಡೆಯಲಾರದೆ ನಾನೇ ಮುಖ್ಯ ಕೋಚ್‌ನ ಬಳಿ ಹೋದೆ. ಆದಷ್ಟು ನಯವಾಗಿ, ದೂರದ ಕಂಬದ ಹತ್ತಿರ ಒಬ್ಬ ಎತ್ತರದ ಹುಡುಗಿಯನ್ನು ನಿಲ್ಲಿಸಬಾರದೇ ಎಂದು ಕೇಳಿದೆ. ಆತ ನನ್ನ ಥರ್ಮಾಸನ್ನೂ ಉಣ್ಣೆ ಟೋಪಿಯನ್ನೂ ನೋಡಿ ಬಹಳ ಕರುಣೆಯಿಂದ ನಕ್ಕ.

"ನೀವು ಇಷ್ಟು ಆಸಕ್ತಿ ತಗೊಳ್ಳೋದು ನೋಡಿ ಖುಷಿಯಾಗುತ್ತೆ," ಎಂದ. "ನಿಮ್ಮ ಕಡೆ ಎಲ್ಲ ಕ್ರಿಕೆಟ್ ಅಲ್ವಾ? ಫುಟ್‌ಬಾಲ್ ಸ್ವಲ್ಪ ಬೇರೆ. ಪ್ರಾಸೆಸ್ ಮೇಲೆ ನಂಬಿಕೆ ಇಡಿ."

ಪಕ್ಕದಲ್ಲಿ ಹೌದಪ್ಪನ ತಲೆ ಆಡಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಕ್ಕೆ ಕೋಣವೇ ನನಗೆ ಸಂಗೀತ ಪಾಠ ಮಾಡಿದಂತಾಯಿತು. ಅಂದಿನಿಂದ ನನ್ನ ಕಾಮೆಂಟರಿಗೆ ಖಾರ ಹೆಚ್ಚಿತು. ಕೋಚ್‌ನ ಮೇಲೆ ಹಲ್ಲು ಕಡಿಯುವಾಗ ಬಾಯಲ್ಲಿ ಏನೇನು ಬರುತ್ತದೋ ಅದೆಲ್ಲ ಬಂತು. ಅವನು ಹೇಳಿದಂತೆ ಆಡಿ ಮಗಳು ತಪ್ಪು ಮಾಡಿದರೆ ಅವಳ ಮೇಲೂ ಬಂತು. "ಅಯ್ಯೋ, ಕೊಟ್ಲು ನೋಡಣ್ಣ ಅವರ ಕಾಲಿಗೇ." "ಇವಳ ಕೈಲಿ ಆಗಲ್ಲ ಬಿಡು, ಹಿಂಗೆ ಕಲಿಸಿದ್ರೆ ಇನ್ನೇನಾಗುತ್ತೆ." ಸಿಟ್ಟು ಯಾರ ಮೇಲೆ ಎಂದು ನನಗೆ ಗೊತ್ತಿತ್ತಲ್ಲ, ಅಷ್ಟೇ ಸಾಕೆಂದುಕೊಂಡಿದ್ದೆ.

ಒಂದು ಬುಧವಾರ ಕಾರಿನಲ್ಲಿ ಪುಳಿಯೋಗರೆ ತಿನ್ನುತ್ತ ಮಗಳು ಕೇಳಿದಳು: "ಮಾಮನ ಹತ್ರ ಆಟ ಮುಗಿದ ಮೇಲೆ ಮಾತಾಡಿದ್ರೆ ಆಗಲ್ವಾ?"

"ಅವನು ಪಾಪ ಕಾಯ್ತಾ ಇರ್ತಾನಲ್ಲೇ," ಎಂದೆ. ಅವಳು ಚಮಚದಿಂದ ಕಡಲೆಬೀಜಗಳನ್ನು ಒಂದು ಬದಿಗೆ ಸರಿಸಿದಳು.

ಮಾರ್ಚ್ ತಿಂಗಳ ಕೊನೆಯ ಪಂದ್ಯಕ್ಕೆ ಬರುವಷ್ಟರಲ್ಲಿ ತಂಡ ಕೊನೆಯಿಂದ ಎರಡನೆಯ ಸ್ಥಾನದಲ್ಲಿತ್ತು. ಕೆಳಗಿನ ಡಿವಿಷನ್‌ಗೆ ಬೀಳುವುದು ಕೊನೆಯ ಒಂದು ತಂಡ ಮಾತ್ರ. ನಮ್ಮ ಕೊನೆಯ ಪಂದ್ಯ ಆ ತಂಡದ ಮೇಲೆಯೇ ಇತ್ತು. ನಮಗಿಂತ ಒಂದೇ ಒಂದು ಪಾಯಿಂಟ್ ಹಿಂದೆ ಇದ್ದರು. ಗೆದ್ದರೆ ಸರಿ, ಸಮ ಆದರೂ ಉಳಿದೆವು, ಸೋತರೆ ಮಾತ್ರ ಕೆಟ್ಟೆವು. ಇದನ್ನು ಅರ್ಥ ಮಾಡಿಕೊಳ್ಳಲು ಟ್ಯಾಬ್ ಬೇಕಿಲ್ಲ.

ಹಿಂದಿನ ದಿನ ಮಗಳು ಫೋನ್ ಮಾಡಿ, "ಅಮ್ಮ, ನಾಳೆ ನೀನು ಬರಬೇಡ," ಎಂದಳು. ಯಾಕೆಂದು ಕೇಳಿದೆ. ಸುಮ್ಮನೆ, ಕೊನೆಯ ಆಟ, ಟೆನ್ಷನ್ ಆಗುತ್ತದೆ ಎಂದಳು. ನನಗೆ ಚುರುಕ್ಕೆಂದಿತು. ಗೆಳತಿಯರ ಮುಂದೆ ನನ್ನ ಟೋಪಿ, ಡಬ್ಬಿ, ಇಂಗಿನ ವಾಸನೆ ನಾಚಿಕೆಯಾಗುತ್ತಿರಬೇಕು ಎಂದುಕೊಂಡೆ. ಆಯಿತು ಎಂದೆ. ಮರುದಿನ ಹೊರಟೆ.

ಹೋದರೂ ಅವಳ ಮಾತಿಗೆ ಬೆಲೆ ಕೊಟ್ಟೆ ಎಂದು ನನ್ನನ್ನು ನಾನು ನಂಬಿಸಿಕೊಂಡಿದ್ದೆ. ಅವಳ ಗೋಲಿನ ಬಳಿ ಹೋಗದೆ, ಎದುರು ತುದಿಯಲ್ಲಿ, ಕಾರ್ ಪಾರ್ಕಿನ ಬೇಲಿಯ ಪಕ್ಕ ನಿಂತೆ. ಆ ದಿನ ಅಪರೂಪದ ಬಿಸಿಲು. ಎರಡು ವಾರದಿಂದ ಮಳೆಯಿಲ್ಲದೆ ಮೈದಾನ ಒಣಗಿ ಗಟ್ಟಿಯಾಗಿತ್ತು. ನೆಲದ ಮೇಲೆ ತಪ್ಪು ಹೊರಿಸುವ ಅವಕಾಶ ಇವತ್ತು ಇವನಿಗಿಲ್ಲ ಎಂದುಕೊಂಡು ಅಣ್ಣನಿಗೆ ಫೋನ್ ಹಚ್ಚಿದೆ.

ಮೊದಲ ಅರ್ಧದಲ್ಲಿ ನನ್ನ ಮಗಳು ಆಡಿದ ಆಟವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಒಂದು ಗೋಲು ಹೋಯಿತು, ಅದನ್ನು ಯಾರಿಂದಲೂ ತಡೆಯಲಾಗುತ್ತಿರಲಿಲ್ಲ. ಉಳಿದದ್ದನ್ನೆಲ್ಲ ತಡೆದಳು. ಕೋಚ್‌ನ ಸಿದ್ಧಾಂತವನ್ನು ಬದಿಗಿಟ್ಟು ಬಾಲನ್ನು ದೂರ ಒದ್ದಳು. ಹಾಗೆ ಒದ್ದ ಒಂದು ಬಾಲಿನಿಂದಲೇ ನಮ್ಮವರೂ ಗೋಲು ಹೊಡೆದು ಸಮ ಮಾಡಿದರು. ಕಾರ್ನರ್ ಬಂದಾಗ ಕೈ ತೋರಿಸಿ, ತಂಡದಲ್ಲಿ ಎಲ್ಲರಿಗಿಂತ ಎತ್ತರದ ಡಿಫೆಂಡರನ್ನು ದೂರದ ಕಂಬಕ್ಕೆ ತಾನೇ ಕಳಿಸಿದಳು. ಮೂವರು ಕೋಚ್‌ಗಳಿಗೆ ಒಂದು ವರ್ಷದಲ್ಲಿ ಹೊಳೆಯದ್ದನ್ನು ಮಾಡಿದಳು. ಅವಳ ಹೆಗಲು ಸಡಿಲವಾಗಿತ್ತು. ಅಷ್ಟು ದೂರದಿಂದಲೂ ಅದು ಕಾಣುತ್ತಿತ್ತು.

ಹಾಫ್ ಟೈಮ್ ಆದ ಮೇಲೆ ಗೋಲುಗಳು ಬದಲಾದವು. ಮಗಳು ನನ್ನ ಕಡೆಯ ತುದಿಗೆ ಬಂದಳು. ನಾನು ಆಚೆ ತುದಿಗೆ ಹೋಗಬಹುದಿತ್ತು. ಹೋಗಲಿಲ್ಲ. ಕಾರಿನ ಮರೆಗೆ ಎರಡು ಹೆಜ್ಜೆ ಸರಿದೆ, ಅಷ್ಟೇ.

ಇನ್ನು ಹತ್ತು ನಿಮಿಷವಿದೆ ಎನ್ನುವಾಗ ಮುಖ್ಯ ಕೋಚ್ ಟ್ಯಾಬಿನಿಂದ ತಲೆಯೆತ್ತಿದ. ಇಡೀ ವರ್ಷ ಎತ್ತದ ತಲೆ. ಕೈ ಬೀಸಿ ಆ ಎತ್ತರದ ಡಿಫೆಂಡರನ್ನೇ ಹೊರಗೆ ಕರೆದ. ಬದಲಿಗೆ ಮುಂದೆ ಆಡುವ ಇನ್ನೊಬ್ಬಳನ್ನು ಇಳಿಸಿದ. ಸಮ ಆದರೆ ಸಾಕು ಎನ್ನುವಾಗ, ಬಾಗಿಲು ಕಾಯುವವಳನ್ನೇ ಎಬ್ಬಿಸಿ ಕಳಿಸಿದ. ಮರುಗಳಿಗೆಯೇ ಎದುರಾಳಿಗಳಿಗೆ ಕಾರ್ನರ್ ಸಿಕ್ಕಿತು.

ನಾನು ಕಾರಿನ ಮರೆಯಿಂದ ಯಾವಾಗ ಹೊರಗೆ ಬಂದೆನೋ ಗೊತ್ತಿಲ್ಲ. "ಅಯ್ಯೋ ದಡ್ಡ ಮುಂಡೇದೇ! ಯಾರನ್ನ ಹೊರಗೆ ಕರೀತೀಯೋ! ಹೋಯ್ತು ಅಣ್ಣ, ಹೋಯ್ತು ಬಿಡು, ಇದು ಒಳಗೇ."

ಬಾಲ್ ಆಗ ಗಾಳಿಯಲ್ಲಿತ್ತು. ಮಗಳ ಕುತ್ತಿಗೆ ನನ್ನ ದನಿ ಬಂದ ಕಡೆ ತಿರುಗಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅದಕ್ಕಿಂತ ಹೆಚ್ಚಲ್ಲ. ಮತ್ತೆ ಮುಂದೆ ನೋಡುವಷ್ಟರಲ್ಲಿ ಬಾಲ್ ಅವಳ ಬೆರಳ ತುದಿಯನ್ನು ದಾಟಿ ದೂರದ ಕಂಬದ ಬಳಿ ಬಿದ್ದಿತ್ತು. ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ಅದು ಒಳಗೆ ಹೋಯಿತು. ನಾನು ಇಯರ್‌ಫೋನ್ ಕಿತ್ತು ಅಣ್ಣನ ಲೈನ್ ಕಟ್ ಮಾಡಿದೆ.

ರೆಫರಿ ಕೊನೆಯ ಸೀಟಿ ಊದಿದ ಮೇಲೆ ಮುಖ್ಯ ಕೋಚ್ ಎಂದಿನಂತೆ ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡ. ಗೆಲ್ಲಲೇಬೇಕಾಗಿತ್ತು, ಅದಕ್ಕೆ ಧೈರ್ಯ ಮಾಡಿದೆವು, ಹೆಮ್ಮೆಪಡಿ ಎಂದ. ತಂಡದ ಕ್ಯಾಪ್ಟನ್, ಕಾಲಿಗೆ ಬ್ಯಾಂಡೇಜ್ ಸುತ್ತಿದ್ದ ಹುಡುಗಿ, "ಸಮ ಆಗಿದ್ರೂ ಸಾಕಿತ್ತು," ಎಂದಳು. ಮುಖ್ಯ ಕೋಚ್ ಹೌದಪ್ಪನ ಮುಖ ನೋಡಿದ. ಹೌದಪ್ಪ ಮೂರನೆಯವನ ಮುಖ ನೋಡಿದ. ಕೊನೆಯ ದಿನವೆಂದು ಆ ಮಹಾರಾಯನೂ ಬಂದಿದ್ದ. ಮೂರನೆಯವನು ಟ್ಯಾಬ್ ಇಸಿದುಕೊಂಡು ಪಾಯಿಂಟುಗಳ ಪಟ್ಟಿ ತೆಗೆದ. ಮೂರು ತಲೆಗಳು ಅದರ ಮೇಲೆ ಬಾಗಿದವು. ಹೌದಪ್ಪನ ತಲೆ ಆ ವರ್ಷದಲ್ಲಿ ಮೊದಲ ಸಲ ಅಲ್ಲಾಡದೆ ನಿಂತಿತ್ತು. ಓದಲು ಬರುವ ಮೂವರು ವಯಸ್ಕರಲ್ಲಿ ಒಬ್ಬನೂ ಆ ಪಟ್ಟಿಯನ್ನು ನೋಡಿರಲಿಲ್ಲ.

ಮಗಳು ನನ್ನನ್ನು ಕಂಡು ಕಾರಿನಲ್ಲಿ ಬಂದು ಕೂತಳು. ದಾರಿಯುದ್ದಕ್ಕೂ ನಾನು ಒಬ್ಬಳೇ ಮಾತಾಡಿದೆ. ಆ ಮೂವರನ್ನು ಒಂದು ಮಕ್ಕಳ ಪಾರ್ಕ್ ನೋಡಿಕೊಳ್ಳಲೂ ಬಿಡಬಾರದು ಎಂದೆ. ಕಾಲೇಜಿಗೆ ಕಾಗದ ಬರೆಯುತ್ತೇನೆ ಎಂದೆ. ಅವಳು ಗ್ಲವ್ಸ್‌ನ ಪಟ್ಟಿಯನ್ನು ಕಿತ್ತು ಅಂಟಿಸಿ, ಕಿತ್ತು ಅಂಟಿಸಿ ಮಾಡುತ್ತಿದ್ದಳು. ಫಾಲೋಫೀಲ್ಡಿನ ಅವಳ ಮನೆಯ ಮುಂದೆ ಕಾರು ನಿಲ್ಲಿಸಿ ಪುಳಿಯೋಗರೆ ಡಬ್ಬಿ ಕೊಟ್ಟೆ. ತೆಗೆದುಕೊಂಡಳು. ಆದರೆ ಇಳಿಯಲಿಲ್ಲ.

"ಅವನು ಯೂಸ್‌ಲೆಸ್ ಅಂತ ನಂಗೂ ಗೊತ್ತಮ್ಮ," ಎಂದಳು ಇಂಗ್ಲಿಷಿನಲ್ಲಿ. "ನಮ್ಮೆಲ್ಲರಿಗೂ ಗೊತ್ತು. ಆದ್ರೆ ಬಾಲ್ ಬರೋಕ್ ಮುಂಚೇನೇ ಅದು ಒಳಗೆ ಹೋಯ್ತು ಅಂತ ಅವನು ಒಂದ್ಸಲಾನೂ ಹೇಳಿಲ್ಲ."

ಆಮೇಲೆ ಕನ್ನಡದಲ್ಲಿ, ನನ್ನದೇ ರಾಗದಲ್ಲಿ, ನನ್ನದೇ ಹಲಸೂರಿನ ಎಳೆತದಲ್ಲಿ ಹೇಳಿದಳು: "ಇವಳ ಕೈಲಿ ಆಗಲ್ಲ ಬಿಡು. ಹೋಯ್ತು ಬಿಡಣ್ಣ, ಇದೂ ಒಳಗೆ."

ಒಂದು ಅಕ್ಷರ ತಪ್ಪಿರಲಿಲ್ಲ. ಅವಳು ಅಷ್ಟುದ್ದ ಕನ್ನಡ ಮಾತಾಡಿದ್ದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಆ ಮೈದಾನದಲ್ಲಿ ಕನ್ನಡ ಬರುತ್ತಿದ್ದವರು ಇಬ್ಬರು. ಒಬ್ಬಳು ಗೋಲಿನ ಹಿಂದೆ, ಇನ್ನೊಬ್ಬಳು ಅದರ ಮುಂದೆ. ಕ್ಷಮಿಸು ಎನ್ನಬೇಕಿತ್ತು, ಡಬ್ಬಿಯಲ್ಲಿ ಚಮಚ ಇದೆ ಎಂದೆ. ಅವಳು ಡಬ್ಬಿ ಹಿಡಿದುಕೊಂಡು ಇಳಿದು ಹೋದಳು. ಬಾಗಿಲನ್ನು ಜೋರಾಗಿ ಹಾಕಲಿಲ್ಲ. ಹಾಕಿದ್ದರೆ ನನಗೆ ವಾಸಿ ಇತ್ತು.

ವಿಲ್ಮ್ಸ್‌ಲೋ ರಸ್ತೆಯಲ್ಲಿ ಬಸ್ಸುಗಳ ಹಿಂದೆ ನಿಂತಿದ್ದಾಗ ಅಣ್ಣನ ಫೋನ್ ಬಂತು.

"ಲೈನ್ ಕಟ್ಟಾಗೋಯ್ತಲ್ಲೇ," ಎಂದ. "ಕೊನೆಗೆ ಏನಾಯ್ತು?"

"ಸೋತ್ರು ಅಣ್ಣ."

"ಛೆ. ಯಾರ ತಪ್ಪು? ಆ ಕೋಚ್‌ದೇ ತಾನೆ?"

ಹೌದು ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಪಕ್ಕದ ಸೀಟಿನ ಕೆಳಗೆ, ಮ್ಯಾಟಿನ ಮೇಲೆ, ಅವಳ ಬೂಟಿನಿಂದ ಉದುರಿದ ಒಣ ಮಣ್ಣಿತ್ತು. ಅದನ್ನೇ ನೋಡುತ್ತಿದ್ದೆ.

"ನೆಲ ಸರಿ ಇರ್ಲಿಲ್ಲ ಅಣ್ಣ," ಎಂದೆ. "ತುಂಬಾ ಕೆಸರು."